ಆರದ ದೀಪ, ಹೇಳಬಾರದ ಹೆಸರು

ರಾತ್ರಿ ಊಟದ ಬಟ್ಟಲುಗಳನ್ನು ಎತ್ತುವ ಹೊತ್ತಿಗೆ ಯಾರೋ ಬಾಗಿಲು ಬಡಿದರು.

ಸಿರ್ಗಾ ತೆರೆದಳು. ಹಿಮದಲ್ಲಿ ನಿಂತಿದ್ದವನು ಎದುರುಮನೆಯ ಮೆಕ್ಯಾನಿಕ್ ಎಸೆನ್. ಕೈಯಲ್ಲಿ ಸಲಕರಣೆಯ ಚೀಲ, ಹಣೆಗೆ ಕಟ್ಟಿದ ಟಾರ್ಚು. ಕುಶಲಪ್ರಶ್ನೆಯಿಲ್ಲ, ಪೀಠಿಕೆಯಿಲ್ಲ.

“ಕಾರಿನ ಕೀ ಕೊಡಿ ಅತ್ತಿಗೆ,” ಎಂದ.

ಏಕೆಂದು ಅವನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಕೇಳುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ಗಂಡ ಹಿಮಕುಸಿತಕ್ಕೆ ಸಿಕ್ಕಿ ಹೋದ ಮೇಲೆ ಇದು ಎರಡನೆಯ ಚಳಿಗಾಲ. ಅಳು ಬತ್ತಿದ ಮೇಲೆ ಉಳಿದದ್ದನ್ನು ದುಃಖವೆನ್ನಲೂ ಬರುವಂತಿರಲಿಲ್ಲ. ಕೈಗವಸು ಮರೆತವರ ಬೆರಳಿಗೆ ಹಿಡಿಯುವ ಜೋಮಿನಂಥದ್ದು ಅದು. ಗಂಡನ ಹಳೆಯ ಕಾರಿನಲ್ಲಿ ಘಾಟಿ ಹತ್ತಿಳಿದು ನರಿನ್‌ನಿಂದ ಕೊಚ್ಕೋರ್‌ಗೆ ಪ್ರಯಾಣಿಕರನ್ನು ಸಾಗಿಸುತ್ತ, ಅತ್ತೆಯೊಡನೆ ಇದೇ ಮನೆಯಲ್ಲಿ ದಿನ ದೂಡುತ್ತಿದ್ದಳು.

ಈಚೆಗೆ ಆ ಕಾರೂ ಕೈಕೊಡತೊಡಗಿತ್ತು. ಬೆಳಿಗ್ಗೆ ಎಂಜಿನ್ ಶುರುವಾದರೂ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಆರುತ್ತಿರಲಿಲ್ಲ. “ದೀಪ ಉರಿಯುವಾಗ ಘಾಟಿ ಹತ್ತಬಾರದು, ಮೊದಲು ಎಸೆನ್‌ಗೆ ತೋರಿಸು,” ಎಂದು ಅತ್ತೆ ದಾರಿಗೆ ಅಡ್ಡ ನಿಲ್ಲುತ್ತಿದ್ದಳು. ಎಸೆನ್ ಸರಿಮಾಡುತ್ತಿದ್ದ, ಚಹಾ ಕೊಡುತ್ತಿದ್ದ, ಅವಳು ಬಟ್ಟಲು ಬರಿದು ಮಾಡುವವರೆಗೂ ಕೈ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ. ಕೆಲವು ದಿನ ಕಳೆದರೆ ಕೆಂಪು ದೀಪ ಮತ್ತೆ ಕಣ್ಣು ಬಿಡುತ್ತಿತ್ತು.

ಇಂದು ಬೆಳಿಗ್ಗೆ ದೀಪ ಹೊತ್ತಿದಾಗ ಸಿರ್ಗಾ ಬೀದಿ ದಾಟಲಿಲ್ಲ. ಕಾರನ್ನು ಅಂಗಳದಲ್ಲೇ ನಿಲ್ಲಿಸಿ, ಕೊಳ್ಳುವವನೊಬ್ಬನಿಗೆ ಫೋನ್ ಮಾಡಿದಳು. ನಾಳೆ ಗಾಡಿ ಮಾರಿ ತಲಾಸ್‌ನಲ್ಲಿರುವ ಅಣ್ಣನ ಮನೆಗೆ ಹೊರಟುಬಿಡುವುದೆಂದು ನಿಶ್ಚಯಿಸಿದಳು. ಇಲ್ಲಿದ್ದರೂ ಅಲ್ಲಿದ್ದರೂ ಜೋಮು ಒಂದೇ ಎಂದುಕೊಂಡಳು. ಸುದ್ದಿ ಸಂಜೆಯೊಳಗೇ ಬೀದಿ ದಾಟಿತ್ತೆಂಬುದು ಎಸೆನ್‌ನ ಮುಖ ನೋಡಿದಾಗ ತಿಳಿಯಿತು.

ಚಳಿಗೆ ಸಾಯದಿರಲೆಂದು ಬ್ಯಾಟರಿಯನ್ನು ಇರುಳು ಒಲೆಯ ಪಕ್ಕ ಮಲಗಿಸುವುದು ಆ ಊರಿನ ರೂಢಿ. ಎಸೆನ್ ಅದನ್ನು ಕೂಸಿನಂತೆ ಅವಚಿಕೊಂಡು ಹೋಗಿ ಸ್ವಸ್ಥಾನದಲ್ಲಿಟ್ಟ. ಅವಳು ಕೀ ತಿರುಗಿಸಿದಳು. ಎಂಜಿನ್ ಗುರುಗುಟ್ಟಿತು, ದೀಪ ಕೆಂಪಗೆ ಉರಿಯುತ್ತಲೇ ಇತ್ತು. ಅವನು ಬ್ಯಾಟರಿಗೆ ಮೀಟರಿನ ತಂತಿ ಮುಟ್ಟಿಸಿದ. ಹದಿನಾಲ್ಕು ವೋಲ್ಟಿನ ಹತ್ತಿರ ಇರಬೇಕಾದದ್ದು ಹನ್ನೆರಡನ್ನು ದಾಟಲಿಲ್ಲ. ಅಂದರೆ ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೋ ಸುಮ್ಮನೆ ತಿರುಗುತ್ತಿದೆ. ಎಂಜಿನ್ ನಿಲ್ಲಿಸಲು ಹೇಳಿ ಬೆಲ್ಟ್ ಅದುಮಿ ನೋಡಿದ, ಬಿಗಿಯಾಗಿತ್ತು. ಕೊನೆಗೆ ಡೈನಮೋದ ಬೆನ್ನ ಕಡೆ ಕೈ ತೂರಿಸಿ, ನೇತಾಡುತ್ತಿದ್ದ ಪುಟ್ಟ ಪ್ಲಗ್ ಒಂದನ್ನು ಬೆಳಕಿಗೆ ಹಿಡಿದ.

“ಹೋದ ಸಲ ಹೊಸದೇ ಹಾಕಿದ್ದೆ. ಈ ಕೊಂಡಿ ಒತ್ತಿ ಎಳೆಯದೆ ಇದು ಬರೋದೇ ಇಲ್ಲ. ಇದು ಯಾರದೋ ಕೈಯ ಕೆಲಸ.”

“ನಿಮ್ಮ ಕೈಯದಾ?” ಎಂದಳು ಸಿರ್ಗಾ. ಆ ಅನುಮಾನ ಬಹಳ ದಿನದಿಂದ ಒಳಗೇ ಇತ್ತು. ಅದನ್ನು ಅವಳು ಇಷ್ಟರವರೆಗೆ ದೂರವೂ ಇಟ್ಟಿರಲಿಲ್ಲ, ಹತ್ತಿರಕ್ಕೂ ಕರೆದಿರಲಿಲ್ಲ.

ಎಸೆನ್ ಕಣ್ಣೆತ್ತಿದ. ಹಣೆಯ ಟಾರ್ಚು ನೇರ ಅವಳ ಮುಖಕ್ಕೆ ಬಿತ್ತು. ಗಾಬರಿಯಿಂದ ಅದನ್ನು ಪಕ್ಕಕ್ಕೆ ತಿರುಗಿಸಿಕೊಂಡ.

“ನಾನು ನಿಮ್ಮದು ಅಂದ್ಕೊಂಡಿದ್ದೆ.”

“ಅಂದ್ಕೊಂಡೂ ಸುಮ್ಮನಿದ್ದಿರಾ?”

“ಸುಮ್ಮನೆಲ್ಲಿದ್ದೆ? ಖುಷಿಯಾಗಿದ್ದೆ.” ಪ್ಲಗ್ಗನ್ನು ಬೆರಳಲ್ಲಿ ಹೊರಳಿಸುತ್ತ ಅವನು ತಗ್ಗಿದ ದನಿಯಲ್ಲಿ ಮುಂದುವರಿಸಿದ. “ಹೋಗಬೇಡಿ ಅಂತ ಹೇಳೋಕೆ ಬಂದೆ ಸಿರ್ಗಾ. ಬಾಗಿಲು ತೆಗೆದ್ರಲ್ಲ, ಬಾಯಿಗೆ ಕೀ ಬಿಟ್ಟು ಬೇರೇನೂ ಬರಲಿಲ್ಲ.”

ಅತ್ತಿಗೆ ಎನ್ನುವುದನ್ನು ಅವನು ಬಿಟ್ಟಿದ್ದ. ಪ್ಲಗ್ಗಿನ ಕೊಂಡಿಯ ಸಂದಿನಲ್ಲಿ ಬಿಳಿಯ ಗೀರೊಂದು ಅವಳ ಕಣ್ಣಿಗೆ ಬಿದ್ದಿತ್ತು. ಉಗುರಿನಿಂದ ಕೆರೆದಳು. ಒಣಗಿದ ರೊಟ್ಟಿಯ ಹಿಟ್ಟು.

ಅವಳು ಹಿಟ್ಟು ಮುಟ್ಟಿ ಎಷ್ಟೋ ಕಾಲವಾಗಿತ್ತು. ಆ ಮನೆಯಲ್ಲಿ ಮುಂಜಾನೆ ಹಿಟ್ಟು ನಾದುವ ಕೈ ಒಂದೇ. ನಾದಿದ ಮೇಲೆ, ಬೇಡವೆಂದರೂ ಕೇಳದೆ, ಬ್ಯಾಟರಿ ಹೊತ್ತೊಯ್ದು ಕಾರಿಗೆ ಜೋಡಿಸುವ ಕೈಯೂ ಅದೇ.

“ಯಾರು ಅಂತ ಗೊತ್ತಾಯ್ತಾ?” ಎಂದ ಎಸೆನ್.

ಗೊತ್ತಾಗಿತ್ತು. ಆದರೆ ಹೇಳುವಂತಿರಲಿಲ್ಲ. ಅತ್ತೆ ಮಾವಂದಿರ ಹೆಸರನ್ನು ಸೊಸೆ ನಾಲಿಗೆಗೆ ತರುವಂತಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗಲೂ ಅತ್ತೆಯ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದ್ದವಳು ಅವಳು.

ಬಾಗಿಲ ಬಳಿ ಕೆಮ್ಮು ಕೇಳಿತು. ಹೆಗಲಿಗೆ ಶಾಲು ಹೊದ್ದು ಅತ್ತೆ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.

“ಹೇಳು. ಕಳ್ಳಿ ಹೆಸರು ಹೇಳೋಕೆ ಏನು ಸಂಕೋಚ?”

“ಸೊಸೆ ಹೇಳೋ ಹಾಗಿಲ್ಲ ಅತ್ತೆ.”

“ಹೌದು, ಸೊಸೆ ಹೇಳೋ ಹಾಗಿಲ್ಲ. ಮಗಳು ಹೇಳಬಹುದು.” ಮುದುಕಿಯ ದನಿ ಒರಟಾಗಿತ್ತು. “ನನ್ನ ಮಗನ್ನ ಹಿಮ ತಗೊಂಡು ಹೋಯ್ತು. ನೀನು ಉಸಿರಾಡ್ತಾ ಹೆಪ್ಪುಗಟ್ಟೋದನ್ನ ನಾನು ನೋಡ್ಕೊಂಡು ಕೂರಬೇಕಾ? ಸೊಸೆಯಾಗೇ ಇರ್ತೀನಿ ಅಂದ್ರೆ ಬಾಯಿ ಮುಚ್ಕೊಂಡು ನಾಳೆ ತಲಾಸ್‌ಗೆ ಹೊರಡು, ತಡೆಯಲ್ಲ. ಮಗಳಾಗ್ತೀನಿ ಅಂದ್ರೆ ನನ್ನ ಹೆಸರು ಹೇಳು. ಮಗಳನ್ನ ಎದುರುಮನೆಗೆ ಕಳಿಸಿಕೊಡೋ ಹಕ್ಕು ತಾಯಿಗಿದೆ.”

ಎಸೆನ್ ಪ್ಲಗ್ಗನ್ನು ಅವಳ ಅಂಗೈಯಲ್ಲಿಟ್ಟು, ಬೆಳಕು ಹಿಡಿದು ನಿಂತ.

ಸಿರ್ಗಾ ಬಾಗಿ ಅದನ್ನು ಡೈನಮೋಗೆ ಒತ್ತಿದಳು. ಟಕ್ಕೆಂದು ಕೂತಿತು. ಸೀಟಿಗೆ ಮರಳಿ ಕೀ ತಿರುಗಿಸಿದಳು. ಕೆಂಪು ದೀಪ ಮಿನುಗಿ ಆರಿತು. ಆಗ ಅವಳ ಬೆರಳುಗಳಲ್ಲಿ ಸೂಜಿ ಚುಚ್ಚಿದಂತೆ ನೋವೆದ್ದಿತು. ಜೋಮು ಬಿಡುವಾಗ ಹೀಗೆಯೇ ನೋಯುತ್ತದೆಂಬುದನ್ನು ಅವಳು ಮರೆತಿದ್ದಳು. ತೆರೆದ ಕಿಟಕಿಯಾಚೆ ಎಸೆನ್ ಉಸಿರು ಹಿಡಿದು ನಿಂತಿದ್ದ. ಅವನ ಕಣ್ಣಲ್ಲಿ ಕಣ್ಣಿಟ್ಟು ಅವಳು ಹೇಳಿದಳು:

“ಕಿತ್ತಿದ್ದು ಕಲಿಪಾ. ನಮ್ಮಮ್ಮ.”