ಸೋಮವಾರ ರಾತ್ರಿಯ ಊಟ

೨೦೨೫ ಫೆಬ್ರವರಿ ೨೦, ಗುರುವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಕುಷಾಯಿಗೂಡ ಠಾಣೆಗೆ ಬಂದ ಹೆಂಗಸು ತೆಲುಗಿನಲ್ಲಿ ಶುರು ಮಾಡಿದಳು, ನಡುವೆ ಹಿಂದಿಗೆ ಹಾರಿದಳು, ಅಳು ಬಂದಾಗ ಮಾತ್ರ ಕನ್ನಡವೇ ಬಂತು. ಇನ್‌ಸ್ಪೆಕ್ಟರ್ ಚಂದ್ರಾಮ ಕುರ್ಚಿ ಎಳೆದುಕೊಟ್ಟರು. ಅವರು ಜಹೀರಾಬಾದ್ ಕಡೆಯವರು. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ತೆಲುಗು, ಸಿಟ್ಟು ಬಂದರೆ ದಖನಿ ಉರ್ದು.

“ಕನ್ನಡದಾಗ ಹೇಳ್ರಿ ಅಕ್ಕಾರ. ಯಾರು ಕಾಣವಲ್ರು?”

“ನಮ್ಮವ್ವರೀ. ಗದಿಗೆಮ್ಮ ಅಂತ, ಅರವತ್ತೈದು ವರ್ಷ. ಹಡಗಿನ ಟೂರಿಗೆ ಹೋದಾಕಿ ಹೊಳ್ಳಿ ಬಂದಿಲ್ರಿ.”

ದೂರು ಕೊಟ್ಟವಳು ಉಮಾಶ್ರೀ, ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುವಾಕೆ. ತಾಯಿಯೂ ಪಕ್ಕದ ಮನೆಯ ಸುಂದರಾಬಾಯಿಯೂ ಶನಿವಾರ ಕೊಚ್ಚಿಯಲ್ಲಿ ಹಡಗು ಹತ್ತಿದ್ದರು. ಸೋಮವಾರ ಚೆರುದೀವು ಎಂಬ ದ್ವೀಪದಲ್ಲಿ ಮೂರು ತಾಸು ಇಳಿಸಿದರಂತೆ. ಒಂದು ದೀಪಸ್ತಂಭ, ಒಂದಿಷ್ಟು ತೆಂಗು, ನಲವತ್ತು ಚಿಲ್ಲರೆ ಜನ, ಅಷ್ಟೇ ದ್ವೀಪ. ಬುಧವಾರ ಹಡಗು ಕೊಚ್ಚಿಗೆ ಮರಳಿತು. ಸುಂದರಾಬಾಯಿ ಸಂಜೆಯ ವಿಮಾನಕ್ಕೆ ಎರಡೂ ಸೂಟ್‌ಕೇಸ್ ತಂದಳು, ಗದಿಗೆಮ್ಮನನ್ನು ತರಲಿಲ್ಲ. ಬಂದರಿನ ಗದ್ದಲದಲ್ಲಿ ತಪ್ಪಿಸಿಕೊಂಡಳು ಎಂದಳು.

“ಸಮುದ್ರ ಮೊದಲ ನಮ್ಮಪ್ಪನ್ನ ನುಂಗೈತ್ರಿ. ನಾ ಆಗ ಒಂದು ವರ್ಷದ ಕೂಸು. ಈಗ ಅವ್ವನ್ನೂ...” ಉಮಾಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪ ಮಲ್ಲಣ್ಣ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೆಕ್ನಿಷಿಯನ್. ೧೯೯೦ರಲ್ಲಿ ಯಾವುದೋ ದ್ವೀಪಕ್ಕೆ ವೈರ್‌ಲೆಸ್ ಯಂತ್ರ ಕೂಡಿಸಲು ಹೋದವನು ಜ್ವರ ಬಂದು ತೀರಿಕೊಂಡ. ಹಡಗಿನಲ್ಲೇ ಜೀವ ಹೋಯಿತು, ದೇಹವನ್ನು ನೀರಿಗೆ ಬಿಟ್ಟೆವು ಎಂದು ಜೊತೆಗಾರ ಬಂಡೆಪ್ಪ ಬಂದು ಹೇಳಿದ್ದ. ಬಂಡೆಪ್ಪ ಬೇರೆ ಯಾರೂ ಅಲ್ಲ, ಈ ಸುಂದರಾಬಾಯಿಯ ಗಂಡ. ಹೋದ ವರ್ಷ ಅವನೂ ಕಣ್ಣು ಮುಚ್ಚಿದ.

ಹನ್ನೊಂದೂಕಾಲಿಗೆ ಕಾನ್‌ಸ್ಟೇಬಲ್ ರೇಣುಕಾ, ಯಾವ ಠಾಣೆಯಲ್ಲಾದರೂ ಬರೆಯಬಹುದಾದ ಜೀರೋ ಎಫ್‌ಐಆರ್ ದಾಖಲಿಸಿ ಕೊಚ್ಚಿಗೆ ಕಳಿಸಿದಳು. ಹಡಗಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕಾರ್ಡು. ಇಳಿದರೂ ಹತ್ತಿದರೂ ಉಂಡರೂ ಯಂತ್ರಕ್ಕೆ ತೋರಿಸಬೇಕು. ಆ ದಾಖಲೆ ಮಧ್ಯಾಹ್ನ ಎರಡಕ್ಕೆ ಬಂತು.

ರೇಣುಕಾ ಓದಿದಳು. “ಸೋಮವಾರ ಮಧ್ಯಾಹ್ನ 12.20ಕ್ಕೆ ಊಟ. 1.30ಕ್ಕೆ ದ್ವೀಪಕ್ಕ ಇಳಿದಾರ. 4.25ಕ್ಕೆ ಹೊಳ್ಳಿ ಹತ್ಯಾರ. ರಾತ್ರಿ 8.10ಕ್ಕೆ ಊಟ. ಬುಧವಾರ 9.05ಕ್ಕೆ ಕೊಚ್ಚಿಯೊಳಗ ಇಳಿದಾರ. ಎಲ್ಲಾ ಬರೋಬರಿ ಐತ್ರಿ ಸರ್. ಬಂದರಿನಾಗೇ ಹುಡುಕಬೇಕು.”

ಮೂಲೆಯ ಬೆಂಚಿನಿಂದ ಉಮಾಶ್ರೀ ತಲೆ ಎತ್ತಿದಳು. “ಇನ್ನೊಮ್ಮೆ ಓದ್ರಿ. ಸೋಮವಾರ ರಾತ್ರಿ ಊಟಾನ?”

“ಹೌದ್ರಿ.”

“ಸಾಧ್ಯನ ಇಲ್ಲ. ಸೋಮವಾರ ಅವ್ವಂದು ಒಪ್ಪತ್ತು. ಮಧ್ಯಾಹ್ನ ಉಂಡಳಂದ್ರ ರಾತ್ರಿ ನೀರಷ್ಟೇ. ನನ್ನ ಬಾಣಂತನದಾಗೂ ಬಿಟ್ಟಾಕಿ ಅಲ್ಲ.”

ಚಂದ್ರಾಮ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಹಾಗಾದರೆ ಆ ರಾತ್ರಿ ಕಾರ್ಡು ಉಂಡಿತ್ತು, ಮುದುಕಿ ಉಂಡಿರಲಿಲ್ಲ. ಕೊಚ್ಚಿಯ ಪೊಲೀಸರು ಪಾಪ ಬಂದರಿನ ಮೂಲೆಮೂಲೆ ಜಾಲಾಡುತ್ತಿದ್ದರು. ಅವಳು ಬಂದರಿಗೆ ಬಂದೇ ಇರಲಿಲ್ಲ.

ಮೂರೂವರೆಗೆ ಗದಿಗೆಮ್ಮನ ಮನೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಸೂಟ್‌ಕೇಸಿನಲ್ಲಿ ಸೀರೆ, ಔಷಧಿ. ಅಡುಗೆಮನೆಯ ಡಬ್ಬಿ ತೆಗೆದ ಉಮಾಶ್ರೀ ಹುಬ್ಬು ಗಂಟಿಕ್ಕಿದಳು. ಐದು ಕಿಲೋ ಕುಟ್ಟಿದ ಗೋಧಿ ಇಲ್ಲ, ಬೆಲ್ಲ ಇಲ್ಲ. ದೇವರ ಮನೆಯಲ್ಲಿದ್ದ ಒಂದು ಚೀಲ ವಿಭೂತಿ ಗಟ್ಟಿಯೂ ಇಲ್ಲ.

“ಹಡಗಿನಾಗ ಮೂರು ಹೊತ್ತು ಊಟ ಕೊಡ್ತಾರ. ಗೋಧಿ ಯಾಕ ಒಯ್ದಾರು?” ಎಂದಳು ರೇಣುಕಾ.

ಚಂದ್ರಾಮ ದೇವರ ಮನೆಯೊಳಗೆ ಇಣುಕಿದರು. ಹಣೆಗೆ ಹಚ್ಚಿಕೊಳ್ಳಲು ಒಂದು ಗಟ್ಟಿ ವರ್ಷ ಬರುತ್ತದೆ. ಚೀಲಗಟ್ಟಲೆ ವಿಭೂತಿ ಬೇಕಾಗುವುದು ಲಿಂಗವಂತರ ಮನೆಯಲ್ಲಿ ಯಾರನ್ನಾದರೂ ಮಣ್ಣು ಮಾಡುವಾಗ. ಗೋಧಿ ಹುಗ್ಗಿ ಮಾಡುವುದು ಆಮೇಲೆ, ಜನಕ್ಕೆ ಉಣಬಡಿಸುವಾಗ.

ನಾಲ್ಕು ಹತ್ತಕ್ಕೆ ಅವರು ಪಕ್ಕದ ಮನೆಯ ಬಾಗಿಲು ಬಡಿದರು. ಸುಂದರಾಬಾಯಿ ಒಳಗೆ ಕರೆದಳು, ನೀರು ಕೊಟ್ಟಳು.

“ಸೋಮವಾರ ರಾತ್ರಿ ಗದಿಗೆಮ್ಮ ಏನು ಉಂಡ್ರು?”

“ಅನ್ನ, ಸಾರು.”

“ಒಪ್ಪತ್ತಿನ ದಿನ?”

ಸುಂದರಾಬಾಯಿ ಹಣೆ ಬಡಿದುಕೊಂಡಳು. “ಅಯ್ಯ ಶಿವನೇ! ಕಾರ್ಡು ಉಣ್ಣದಿದ್ರ ಹಡಗಿನವರಿಗೆ ಅನುಮಾನ ಬರ್ತೈತಿ ಅಂತ ನಾನ ತೋರಿಸಿದೆ. ವಾರದ ನೆನಪೇ ಆಗಲಿಲ್ಲ ನೋಡ್ರಿ.”

“ಹಡಗು ಹತ್ತುವಾಗ?”

“ಗೆಳತಿಗೆ ಕಾಲು ನೋವು, ಹಿಂದ ಕುರ್ಚಿ ಮ್ಯಾಲ ಕುಂತಾಳ ಅಂತ ಎರಡೂ ಕಾರ್ಡು ಹಿಡಿದೆ. ಗದ್ದಲದಾಗ ಯಾರೂ ನೋಡಲಿಲ್ಲ. ಕೊಚ್ಚಿಯಾಗೂ ಹಂಗ.”

“ಆಕಿ ದ್ವೀಪದಾಗ ಅದಾಳ?”

“ಅದಾಳ್ರಿ. ಮುಂದಿನ ಸೋಮವಾರದ ಹಡಗಿಗೆ ಬರ್ತೀನಿ, ಅಲ್ಲೀತನಕ ಬಾಯಿ ಬಿಡಬ್ಯಾಡ ಅಂದಿದ್ದಳು. ಫೋನ್ ಮಾಡ್ತೀನಿ ಅಂದಾಕಿ ಮಾಡಿಲ್ಲ. ಮೂರು ದಿನದಿಂದ ನನಗ ಗಂಟಲಾಗ ಕೂಳು ಇಳಿಯವಲ್ದು.”

ಚಂದ್ರಾಮರಿಗೆ ರೇಗಿತು. “ದಿಮಾಗ್ ಹೈ ಕ್ಯಾ! ಹೊರಗ ಮಗಳು ಅಳಾಕತ್ತಾಳ. ಮುದುಕಿ ಬದುಕ್ಯಾಳೋ ಸತ್ತಾಳೋ ನಿಮಗ ಗೊತ್ತೈತೇನು? ಯಾಕ ಮಾಡಿದ್ರಿ ಇದನ್ನ?”

ಸುಂದರಾಬಾಯಿ ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡಿದಳು. “ಇವರು ಸುಳ್ಳು ಹೇಳಿದ್ರು. ಮಲ್ಲಣ್ಣ ಸತ್ತದ್ದು ಹಡಗಿನಾಗ ಅಲ್ಲ, ಆ ದ್ವೀಪದಾಗ. ಮಳಿಗಾಲ, ಹಡಗಿಲ್ಲ. ದೀಪಸ್ತಂಭದ ಹಿಂದ ಇವರೇ ತೆಗ್ಗು ತೋಡಿ ಮಣ್ಣು ಮಾಡಿದ್ರು. ಸ್ವಾಮಿಗಳಿಲ್ಲ, ವಿಭೂತಿ ಇಲ್ಲ, ಒಂದು ಬಿಲ್ವಪತ್ರಿ ಇಲ್ಲ. ನಾಯಿ ಹುಗಿದಂಗ ಹುಗಿದು ಬಂದಿ ಅಂತಾರ ಅಂತ ಅಂಜಿ, ನೀರಿಗೆ ಬಿಟ್ಟೆ ಅಂದುಬಿಟ್ರು. ಮೂವತ್ನಾಲ್ಕು ವರ್ಷ ಪಕ್ಕದ ಮನೀಯಾಗೇ ಇದ್ದು, ಸಾಯೂ ಮುಂದ ಬಾಯಿ ಬಿಟ್ರು.”

“ಮಗಳಿಗೆ ಹೇಳಬಹುದಿತ್ತಲ್ಲ.”

“ಗದಿಗೆಮ್ಮನೇ ಬ್ಯಾಡ ಅಂದಳು. ಅಲ್ಲಿ ಏನೂ ಸಿಗದಿದ್ರ ಕೂಸು ಎರಡನೇ ಸಲ ಅಪ್ಪನ್ನ ಕಳಕೋಬಾರದು ಅಂತ. ಮೂರು ತಾಸಿನಾಗ ಹುಡುಕೋದಾಗ್ತೈತೇನ್ರಿ?”

ಬಾಗಿಲ ಹೊರಗೆ ನಿಂತಿದ್ದ ಉಮಾಶ್ರೀಗೆ ಎಲ್ಲವೂ ಕೇಳಿಸಿತ್ತು. ಅವಳು ಒಳಗೆ ಬರಲಿಲ್ಲ.

ಬೇರೆಯವರ ಕಾರ್ಡು ತೋರಿಸಿ ವಂಚಿಸಿದ್ದಕ್ಕೆ, ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ಸಂಜೆ ಐದೂವರೆಗೆ ಸುಂದರಾಬಾಯಿಯನ್ನು ಬಂಧಿಸಲಾಯಿತು. ಕಾನೂನು ಕಾನೂನೇ, ಆದರೂ ರೇಣುಕಾ ಅವಳನ್ನು ಕೈ ಹಿಡಿದು ಜೀಪು ಹತ್ತಿಸಿದಳು. ಚೆರುದೀವಿನ ಹೊರಠಾಣೆಗೆ ಕೊಚ್ಚಿಯ ಮೂಲಕ ವೈರ್‌ಲೆಸ್ ಸಂದೇಶ ಹೋಯಿತು. ಆರಕ್ಕೆ ಉತ್ತರವಿಲ್ಲ. ಆರೂವರೆಗೂ ಇಲ್ಲ. ದೂರು ಕೊಟ್ಟವಳೂ ಆರೋಪಿಯೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತು ಒಂದೇ ಫೋನು ನೋಡುತ್ತಿದ್ದರು.

ಆರು ಐವತ್ತಕ್ಕೆ ಅದು ರಿಂಗಾಯಿತು. ದ್ವೀಪದ ಟವರ್ ಕೆಟ್ಟಿತ್ತು, ಹೊರಠಾಣೆಯ ಸ್ಯಾಟಲೈಟ್ ಫೋನಿನಿಂದ ಮಾಡಿದ್ದರು. ಚಂದ್ರಾಮ ಸ್ಪೀಕರ್ ಹಾಕಿದರು.

“ಉಮಾ, ಊಟ ಆತೇನವಾ?”

ಉಮಾಶ್ರೀ ಅತ್ತಳು, ಬೈದಳು, ಮತ್ತೆ ಅತ್ತಳು. ಗದಿಗೆಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ತಪ್ಪಾತವಾ. ಆದ್ರ ನಿಮ್ಮಪ್ಪ ನೀರಾಗ ಇಲ್ಲ ಉಮಾ, ಮಣ್ಣಾಗ ಅದಾನ. ಇಲ್ಲಿ ಒಬ್ಬ ಮುದುಕ ಗುರುತಿನ ಕಲ್ಲಿಗೆ ವರ್ಷಾ ವರ್ಷಾ ಸುಣ್ಣ ಹಚ್ಚಿ ಇಟ್ಟಾನ. ವೈರ್‌ಲೆಸ್ ಸಾಹೇಬನ ಕಲ್ಲು ಅಂತಾರ ಇವರು. ವಿಭೂತಿ ಇಟ್ಟೆ, ಪತ್ರಿ ಏರಿಸಿದೆ. ಇವತ್ತು ಹುಗ್ಗಿ ಮಾಡಿ ಇಡೀ ದ್ವೀಪಕ್ಕ ಉಣಬಡಿಸಿದೆ. ಸುಂದರಾನ್ನ ಬೈಬ್ಯಾಡ.”

ಬೆಂಚಿನ ಆ ತುದಿಯಲ್ಲಿ ಸುಂದರಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಏಳು ಇಪ್ಪತ್ತಕ್ಕೆ ಠಾಣೆಯಲ್ಲೇ ಜಾಮೀನು ಬರೆದರು. ಜಾಮೀನುದಾರರು ಯಾರು ಎಂದು ರೇಣುಕಾ ಕೇಳಿದಾಗ ಉಮಾಶ್ರೀ ಎದ್ದು ಬಂದು ಸಹಿ ಹಾಕಿದಳು. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬ ಕಡೆ ಚಂದ್ರಾಮ ‘ಗಂಡನ ಸುಳ್ಳನ್ನು ಸರಿಪಡಿಸಲು’ ಎಂದು ಬರೆದರು.

ಹೊರಡುವ ಮುಂಚೆ ಉಮಾಶ್ರೀ ಮೇಜಿನ ಹತ್ತಿರ ಬಂದಳು.

“ಸರ್, ಆ ದ್ವೀಪಕ್ಕ ಹೋಗಾಕ ಪರ್ಮಿಟ್ ಬೇಕಂತಲ್ರಿ. ಅರ್ಜಿ ಎಲ್ಲಿ ಕೊಡಬೇಕು?”

“ಎಷ್ಟು ಮಂದಿಗೆ?”

ಅವಳು ಹಿಂತಿರುಗಿ ಬೆಂಚಿನ ಕಡೆ ನೋಡಿದಳು.

“ಮೂರು ಮಂದಿಗ್ರಿ. ನಾನು, ಅವ್ವ, ಸುಂದರಾ ಕಾಕು.”