ಎಡಕ್ಕೆ ಸೀಳಿದ ಕಾಗದ

"ಆ ಬಿಲ್ಲು ಕೆಳಗಿಡ್ರೀ!"

ಚಂದನಳ ಕೂಗಿಗೆ ಶೆಡ್ಡಿನ ತಗಡೇ ನಡುಗಿದಂತಾಯಿತು. ಒಳಗಿದ್ದ ಅಪರಿಚಿತ ಮಾತ್ರ ಬೆಚ್ಚಲಿಲ್ಲ. ಎರಡೂ ತುದಿಗೆ ಗಾಲಿ, ನಡುವೆ ಕೇಬಲ್ ಇರುವ ಅವಳ ಕಾಂಪೌಂಡ್ ಬಿಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಗಾಲಿಯನ್ನು ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದವನು ತಲೆಯೆತ್ತಿದ, ಅಷ್ಟೆ.

"ಮೇಷ್ಟ್ರೇ ಕೊಟ್ಟಿದ್ದು ಕಣ್ರೀ. ಬಿಸ್ಲಿಗೆ ಕೇಬಲ್ ಎಳ್ಕಂಡದೆ. ಕೆಳಗಿನ ಗಾಲಿ ಮೊದ್ಲು ತಿರುಗ್ತದೆ, ಮೇಲಿಂದು ಆಮೇಲೆ. ಎರಡೂ ಒಟ್ಗೇ ತಿರುಗ್ದೆ ಬಾಣ ಹೆಂಗೆ ನೆಟ್ಟಗೋಯ್ತದೆ?"

"ನೀವ್ಯಾರು, ಅದ್ನ ಮೊದ್ಲು ಹೇಳಿ!"

"ರಘುನಂದನ್. ಮಳವಳ್ಳಿಯೋನು. ಶ್ವೇತನ ಅಣ್ಣ."

ಶ್ವೇತನ ಅಣ್ಣ!... ಚಂದನ ಬಿಲ್ಲಿಗೆ ಕೈ ಚಾಚಿದಳು.

ಹನಕೆರೆ ರೈಲು ನಿಲ್ದಾಣದ ಆಚೆಗಿನ ಬಯಲಿನಲ್ಲಿ ಸಿದ್ದರಾಮು ಮೇಷ್ಟ್ರು ಬಿಲ್ಲುವಿದ್ಯೆ ಕಲಿಸುತ್ತಿದ್ದರು. ವಾರದ ಕೊನೆಗೆ ರಾಜ್ಯ ತಂಡದ ಆಯ್ಕೆ. ಹೆಣ್ಣುಮಕ್ಕಳಿಗೆ ಉಳಿದಿದ್ದುದು ಒಂದೇ ಸ್ಥಾನ. ಅದು ಬೆಸಗರಹಳ್ಳಿಯ ಚಂದನಳಿಗೆ, ಇಲ್ಲವೇ ಮಳವಳ್ಳಿಯ ಶ್ವೇತಳಿಗೆ. ಇಬ್ಬರೂ ಮೇಷ್ಟ್ರ ಶಿಷ್ಯೆಯರೇ. ಹಿಂದಿನ ವರ್ಷ ಆಯ್ಕೆಯ ಬೆಳಗ್ಗೆಯೇ ಚಂದನಳ ಬಿಲ್ಲಿನ ತಿರುಪೊಂದನ್ನು ಯಾರೋ ಸಡಿಲಿಸಿದ್ದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಅಂದಿನಿಂದ ತನ್ನ ಬಿಲ್ಲಿಗೆ ಅವಳದೇ ಕಾವಲು.

'ಎದುರಾಳಿಯ ಅಣ್ಣನ ಕೈಗೆ ನನ್ನ ಬಿಲ್ಲೆ!'

ಮೇಷ್ಟ್ರು ಮಾತ್ರ ಜಗ್ಗಲಿಲ್ಲ. "ಭುಜಕ್ಕೆ ಏಟಾಗೋ ತನ್ಕ ಅವ್ನೂ ರಾಜ್ಯಕ್ಕೆ ಆಡ್ದೋನೇ ಕಣಮ್ಮ. ಬಿಲ್ಲು ಹದ ಮಾಡೋಕೆ ಅವನ್ನೇ ಕರ್ಸಿವ್ನಿ. ಸುಮ್ಕಿರು."

"ಹಂಗಾದ್ರೆ ನನ್ ಕಣ್ಣೆದುರ್ಗೇ ಮಾಡ್ಬೇಕು," ಎಂದಳು ಚಂದನ.

ಅವನು ಹಾಗೆಯೇ ಮಾಡಿದ. ಕೇಬಲ್ಲಿಗೆ ಹುರಿ ಕೊಟ್ಟು ಗಿಡ್ಡವಾಗಿಸಿ, ಎರಡು ಗಾಲಿಗಳನ್ನೂ ಒಂದೇ ಹೊತ್ತಿಗೆ ತಿರುಗುವಂತೆ ಕೂರಿಸಿದ. ಬಳಿಕ ಮರದ ಚೌಕಟ್ಟಿಗೆ ಹಳೆಯ ಪತ್ರಿಕೆಯ ಹಾಳೆ ಬಿಗಿದು, ಭುಜದ ನೋವು ನುಂಗಿಕೊಂಡು ಅದರ ಮೂಲಕ ಒಂದು ಬಾಣ ಬಿಟ್ಟ. ಬಾಣ ನೆಟ್ಟಗೆ ಹಾರಿದರೆ ಕಾಗದದಲ್ಲಿ ದುಂಡನೆಯ ತೂತು ಬೀಳುತ್ತದೆ. ಬಾಲ ಹೊರಳಿದರೆ ಕಾಗದ ಸೀಳುತ್ತದೆ. ಅವನದು ದುಂಡು ತೂತು.

ಚಂದನ ಬಿಟ್ಟಳು. ಪರ್ರ್! ಕಾಗದ ಎಡಕ್ಕೆ ಸೀಳಿತು.

"ನಿಮ್ ಕೈಲಿ ದುಂಡ್ಗೆ, ನನ್ ಕೈಲಿ ಸೊಟ್ಗೆ! ಬಾಣ ಕೂರೋ ರೆಸ್ಟ್‌ನ ಚೂರು ಸರಿಸಿ."

"ಬ್ಯಾಡ."

"ಯಾಕ್ ಬ್ಯಾಡ?"

"ಬಿಲ್ಲಲ್ಲಿ ತಪ್ಪಿಲ್ಲ ಕಣ್ರೀ..." ಅವನು ಇನ್ನೂ ಏನನ್ನೋ ಹೇಳಬಂದು ತಡೆದುಕೊಂಡ.

ಆ ತಡೆದ ಮಾತು ಚಂದನಳ ಮನಸ್ಸಿನಲ್ಲಿ ಮುಳ್ಳಾಗಿ ಕುಳಿತಿತು. ಅವನು ಹಿಂದೆ ನಿಂತು ನೋಡುವುದು, ಕಾಗದ ಎಡಕ್ಕೇ ಸೀಳುವುದು, ರೆಸ್ಟ್ ಸರಿಸೆಂದರೆ ಅವನು ತಲೆಯಾಡಿಸುವುದು... ಪ್ರತಿದಿನವೂ ಇದೇ ಆಯಿತು. ಅವನು ನೀರು ಕುಡಿದರೂ ಅವಳ ಕಣ್ಣು ಅತ್ತಲೇ.

"ಗುರಿಗಿಂತ ಜಾಸ್ತಿ ಅವನ್ನೇ ನೋಡ್ತೀಯಲ್ಲೇ!" ಎಂದು ನಕ್ಕಳು ಆಲಿಯಾ, ಮದ್ದೂರಿನಿಂದ ಅಭ್ಯಾಸಕ್ಕೆ ಬರುತ್ತಿದ್ದ ಗೆಳತಿ.

"ಕಾವಲು ಕಣೇ ಅದು!"

"ಹೂಂ ಹೂಂ... ನಮ್ಮಪ್ಪ ಗ್ಯಾರೇಜಿಗೂ ಇಷ್ಟು ಕಾವಲು ಹಾಕಿಲ್ಲ ಬುಡು!"

ಚಂದನಳ ಕೆನ್ನೆ ಬಿಸಿಯಾಯಿತು. ಅಂದು, ಮೇಷ್ಟ್ರ ಕಟ್ಟಳೆಯಂತೆ ಬಿಲ್ಲನ್ನು ಶೆಡ್ಡಿನಲ್ಲೇ ಬಿಟ್ಟು ಮನೆಗೆ ಹೊರಡುವ ಮುನ್ನ, ಕೇಬಲ್ಲಿನ ಕುಣಿಕೆ ಗಾಲಿಗೆ ಸಿಗುವ ಕಡೆ ಯಾರಿಗೂ ಕಾಣದಂತೆ ಕೆಂಪು ಉಗುರುಬಣ್ಣದ ಹನಿಯೊಂದನ್ನು ಅಂಟಿಸಿದಳು. ಮುಟ್ಟಿದರೆ ಒಡೆಯಬೇಕು!

ಆಯ್ಕೆಯ ಹಿಂದಿನ ದಿನ ಬಂದು ನೋಡಿದಾಗ ಅದು ಒಡೆದಿತ್ತು.

"ಯಾಕ್ರೀ ಮುಟ್ಟಿದ್ರಿ?" ಅವಳು ರಘುನಂದನನ ಎದುರು ಹೋಗಿ ನಿಂತಳು. ಅತ್ತ ಬಾಣ ಹೂಡಿದ್ದ ಶ್ವೇತ ಬಿಲ್ಲು ಇಳಿಸಿದಳು. ಚಂದನ ಮಾತ್ರ ಬಿಡಲಿಲ್ಲ. "ತಂಗಿ ಗೆಲ್ಲಬೇಕು, ಅಷ್ಟೇ ತಾನೆ?"

ರಘುನಂದನನ ಮುಖ ಬಿಳುಪೇರಿತು. "ಕೇಬಲ್ ಮತ್ತೆ ಎಳ್ಕಂಡಿತ್ತು. ಹುರಿ ಕೊಟ್ಟು ಸರಿ ಮಾಡ್ದೆ. ನಿಮ್ಮನ್ನ ಕೇಳ್ಬೇಕಿತ್ತು, ಅದು ನನ್ ತಪ್ಪು. ಆದ್ರೆ ಕೆಡ್ಸೋಕೆ ಮುಟ್ಟಿಲ್ಲ."

"ನಂಬೋದು ಹೆಂಗೆ?"

ಅವನು ಉಪಕರಣಗಳನ್ನೆಲ್ಲ ಬೆಂಚಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ನಿಲ್ದಾಣದ ಕಡೆಗೆ ನಡೆದುಬಿಟ್ಟ.

'ಹೋಗಲಿ! ಮೋಸವನ್ನು ಈ ಕಾಗದವೇ ಹೇಳುತ್ತದೆ.' ಚಂದನ ಹೊಸ ಹಾಳೆ ಬಿಗಿದು ಬಾಣ ಬಿಟ್ಟಳು.

ದುಂಡು ತೂತು.

ನಂಬಲಾಗದೆ ಮತ್ತೊಂದು ಬಿಟ್ಟಳು. ದುಂಡು. ಮತ್ತೊಂದು... ಅದೂ ದುಂಡು!

"ಅಕ್ಕಾ," ಶ್ವೇತ ಹತ್ತಿರ ಬಂದಳು. ಕೋಪವಿತ್ತು, ಆದರೂ ಮಾತು ಮೆಲ್ಲಗಿತ್ತು. "ಅಣ್ಣ ಹಿಂದ್ಗಡೆ ನಿಂತಾಗ ನಿಮ್ ಎಡಗೈ ನೋಡ್ಕಂಡಿದ್ದೀರಾ? ಯಾರದೋ ಕತ್ತು ಹಿಸುಕ್ದಂಗೆ ಹಿಡಿ ಹಿಡೀತೀರ. ಬಿಲ್ಲು ತಿರುಚ್ಕಂಡೇ ತಿರುಚ್ಕತದೆ. ಈಗ ನೋಡಿ, ಬೆರಳು ಹೆಂಗೆ ಸಡಿಲ ಅವೆ!"

ಚಂದನ ತನ್ನ ಕೈಯನ್ನೇ ನೋಡಿದಳು. ಬಿಲ್ಲಿನ ಹಿಡಿ ಅಂಗೈಗೆ ಒರಗಿರಬೇಕು, ಬೆರಳು ಅದನ್ನು ಬಿಗಿಯಬಾರದು... ಅವಳು ಕಲಿತ ಮೊದಲ ಪಾಠವೇ ಅದು! ಬಿಲ್ಲು ಕೆಟ್ಟಿರಲಿಲ್ಲ. ಅವಳ ಅನುಮಾನವೇ ಮನಸ್ಸಿನಿಂದ ಬೆರಳಿಗೆ ಇಳಿದಿತ್ತು. ಅದಕ್ಕೇ ಅವನು ರೆಸ್ಟ್ ಸರಿಸಲು ಒಪ್ಪಲಿಲ್ಲ. ಸರಿಸಿದ್ದರೆ, ಕೈ ಸಡಿಲವಾದ ದಿನ ಬಾಣ ದಾರಿ ತಪ್ಪುತ್ತಿತ್ತು.

ಅವಳು ಓಡಿದಳು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವನೊಬ್ಬನೇ ಕುಳಿತಿದ್ದ.

"ಹೇಳ್ಬೋದಿತ್ತಲ್ಲ!" ಏದುಸಿರು ಬಿಡುತ್ತಲೇ ಕೇಳಿದಳು.

"'ಬೆರಳು ಸಡಿಲ ಬುಡಿ' ಅಂತ ಶ್ವೇತನ ಅಣ್ಣ ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಇನ್ನೂ ಬಿಗಿಯುತ್ತಿದ್ದಳು. ಅವಳು ತಲೆತಗ್ಗಿಸಿದಳು.

"ನಾನು ದೂರ ಹೋದ್ರೆ ಬಾಣ ನೆಟ್ಟಗಾಯ್ತದೆ ಅಂತ ಮೊದಲ್ನೇ ದಿನವೇ ಗೊತ್ತಾಗಿತ್ತು," ಎಂದ ಅವನು, ಹಳಿಯ ಕಡೆ ನೋಡುತ್ತ.

"ಮತ್ಯಾಕೆ ಹೋಗ್ಲಿಲ್ಲ?"

"ಮನಸ್ಸಾಗ್ಲಿಲ್ಲ..." ಅವನ ದನಿ ಇಳಿಯಿತು. "ನೀವು ದುರುಗುಟ್ಕಂಡು ನೋಡೋದ್ನೇ ಕಾಯ್ಕಂಡು ನಿಂತಿರ್ತಿದ್ದೆ. ಅದೇ ನನ್ ಮೋಸ."

ಚಂದನ ಅವನ ಪಕ್ಕ ಕುಳಿತಳು. 'ಮತ್ತೆ ನಾನು? ಇಷ್ಟು ದಿನ ಕಾವಲು ಕಾಯುತ್ತಿದ್ದೆನೆ... ದಾರಿ ಕಾಯುತ್ತಿದ್ದೆನೆ?'

"ನಾಳೆ ನಾನ್ ಬರಲ್ಲ," ಎಂದ ಅವನು. "ನಾನಿದ್ರೆ ನಿಮ್ ಜಾಗ ಹೋಯ್ತದೆ."

"ಬರ್ಲೇಬೇಕು! ನನ್ ಬೆನ್ನಿಂದೇನೇ ನಿಂತ್ಕಬೇಕು. ನೀವಿದ್ದಾಗ್ಲೂ ಕೈ ಸಡಿಲ ಆಗ್ಬೇಕು ನಂಗೆ."

ಮರುದಿನ ಅವನು ಬಂದ, ಹಿಂದೆಯೇ ನಿಂತ. ಕೊನೆಯ ಬಾಣದವರೆಗೂ ಶ್ವೇತಳೂ ಚಂದನಳೂ ಸಮಸಮ. ಬಿಲ್ಲು ಎಳೆದಾಗ ಚಂದನಳ ಬೆರಳುಗಳು ಹಳೆಯ ಅಭ್ಯಾಸದಂತೆ ಮುಚ್ಚತೊಡಗಿದವು. ಅವಳು ಕಣ್ಣು ಗುರಿಯಲ್ಲಿಟ್ಟೇ, ಒಂದೊಂದಾಗಿ ಅವನ್ನು ಬಿಡಿಸಿದಳು... ಬಾಣ ಹೊರಟಿತು.

ಆ ಬಾಣ ನಟ್ಟ ನಡುವೆ ನಾಟಿತೆಂದು ಹನಕೆರೆಯವರು ಹೇಳುತ್ತಾರೆ. ಇಲ್ಲ, ನಡುವಿನ ಗೆರೆಗೆ ತಾಗಿತಷ್ಟೆ ಎಂಬುದು ಮಳವಳ್ಳಿಯವರ ಪಾಠ. ಚಂದನ ಆಯ್ಕೆಯಾದಳೆಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಮತವಿಲ್ಲ.

"ಜಾಗನೂ ತಗಂಡ್ರಿ, ಅಣ್ಣನ್ನೂ ತಗಂಡ್ರಿ," ಶ್ವೇತ ಕಣ್ಣೊರೆಸಿಕೊಳ್ಳುತ್ತಲೇ ಅವಳನ್ನು ತಬ್ಬಿಕೊಂಡಳು. "ಮುಂದಿನ್ ವರ್ಷ ಒಂದ್ನಾದ್ರೂ ವಾಪಸ್ ಕಿತ್ಕತೀನಿ, ನೋಡ್ತಿರಿ!"

ಜನ ಕರಗಿದ ಮೇಲೆ ರಘುನಂದನ್ ಅವಳ ಬಳಿ ಬಂದು ನಿಂತ.

"ಈಗ್ಲೂ ಅನುಮಾನ ಅದಾ?"

"ಅದೆ," ಎಂದಳು ಚಂದನ, ನಗು ಅದುಮಿಕೊಂಡು. "ಮಳವಳ್ಳಿಗೆ ಹೋದೋರು ತಿರ್ಗಾ ಬರ್ತೀರೋ ಇಲ್ವೋ ಅಂತ."

"ಬತ್ತೀನಿ ಕಣ್ರೀ."

"'ರೀ' ಅಂದ್ರೆ ನಂಬಲ್ಲ."

ಅವನು ಒಂದು ಕ್ಷಣ ತಡವರಿಸಿದ.

"ಬತ್ತೀನಿ ಕಣೇ... ಚಂದನ."