ವಿಮಾನದ ಒಂದು ಕಾಲು

“ಇಷ್ಟೇನಾ?” ಅಂದ ನಾಣಿ.

ಕಾಮಾಕ್ಷಿಪಾಳ್ಯದ ಪುಟ್ಟ ವರ್ಕ್‌ಶಾಪಿನಲ್ಲಿ, ಬೆಂಚಿನ ಮೇಲೆ ಒಂದು ದಪ್ಪ ಕೊಳವೆಯೂ ಅದರೊಳಗೆ ಜಾರುವ ಒಂದು ಹೊಳೆಯುವ ರಾಡೂ ಮಲಗಿದ್ದವು. “ನಮ್ಮಪ್ಪನ ವರ್ಕ್‌ಶಾಪಿಗೆ ವಿಮಾನ ಬಂದಿದೆ” ಎಂದು ಜಗದಾಂಬಾ ಇಡೀ ಐದನೇ ಕ್ಲಾಸಿಗೆ ಸಾರಿಬಿಟ್ಟಿದ್ದಳು. ನಂಬದೆ ನೋಡಲು ಬಂದವನು ನಾಣಿ.

“ರೆಕ್ಕೆ ಎಲ್ಲೇ ಜಗ್ಗಿ?”

“ಇದು ಕಾಲು ಕಣೋ. ಕೆಳಗೆ ಇಳಿಯೋವಾಗ ಏಟೆಲ್ಲ ತಡ್ಕೊಳ್ಳೋದು ಇದೇ.”

“ನಮ್ಮ ಮಾವನ ಸ್ಕೂಟರಿಗೂ ಇದೆ, ಶಾಕ್ ಅಬ್ಸಾರ್ಬರ್ರು. ಹಂಗಾದ್ರೆ ನಮ್ಮ ಮಾವನೂ ಪೈಲಟ್ಟು!”

ಜಗ್ಗಿಗೆ ರೇಗಿತು. ಅಪ್ಪ ಕರಿಬಸಪ್ಪ ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಹೋಗಿದ್ದರು. “ಸ್ಕೂಟರಿಂದು ಇಷ್ಟು ಭಾರ ಇರುತ್ತಾ?” ಎನ್ನುತ್ತಾ ಅವಳು ರಾಡನ್ನು ಎತ್ತಿಯೇಬಿಟ್ಟಳು. ಅದು ಅವಳು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಎಣ್ಣೆ ಮೆತ್ತಿದ್ದರಿಂದ ಕೈಯಿಂದ ಜಾರಿ, ಬೆಂಚಿನ ಕಬ್ಬಿಣದ ಅಂಚಿಗೆ ಟಣ್ ಎಂದು ಬಡಿಯಿತು.

“ಅಮ್ಮ ಕರೀತಾ ಇದಾರೆ” ಎಂದು ನಾಣಿ ಮಾಯವಾದ. ಅವನ ಅಮ್ಮ ಇದ್ದದ್ದು ಆಚೆ ಬಡಾವಣೆ ವಿಜಯನಗರದಲ್ಲಿ!

ಕನ್ನಡಿಯಂಥ ರಾಡಿನ ಮೇಲೆ ಅರ್ಧ ಸಾಸಿವೆಯಷ್ಟು ಗಾಯವಾಗಿತ್ತು. ಜಗ್ಗಿ ಅದನ್ನು ಕೆಳಮುಖ ಮಾಡಿ ಇಟ್ಟು, ಏನೂ ಆಗದವಳಂತೆ ಮನೆಗೆ ನಡೆದಳು.

ಸಂಜೆ ಅಪ್ಪ ಎಣ್ಣೆ ಸೋರದಂತೆ ಹೊಸ ರಬ್ಬರ್ ರಿಂಗು ಕೂರಿಸಿ, ರಾಡನ್ನು ಕೊಳವೆಗೆ ಸೇರಿಸಿ, ಎಣ್ಣೆ ತುಂಬಿದರು. ಹತ್ತಾರು ಸಲ ಒತ್ತಿ ಬಿಟ್ಟು, ಕಾಲನ್ನು ಪೇಪರಿನ ಮೇಲೆ ನಿಲ್ಲಿಸಿದರು. “ಬೆಳಿಗ್ಗೆ ಪೇಪರ್ ಒಣಗೇ ಇದ್ರೆ ಪಾಸು” ಎಂದರು.

ಬೆಳಿಗ್ಗೆ ಪೇಪರು ತೊಯ್ದು ತೊಪ್ಪೆಯಾಗಿತ್ತು.

ಜಗ್ಗಿಯೊಂದಿಗೆ ಮನೆಯಿಂದ ತಿಂಡಿ ತಂದ ಅಪ್ಪನ ತಾಯಿ ಶಿವಕ್ಕಜ್ಜಿ ಬಗ್ಗಿ ನೋಡಿದರು. “ಏನೋ ಕರಿಬಸಪ್ಪ, ನಿನ್ ವಿಮಾನ ಎಳೇ ಕೂಸಿನಂಗೆ ಉಚ್ಚೆ ಹೊಯ್ಕೊಂಡೈತಲ್ಲೋ!”

ಅಪ್ಪ ನಗಲಿಲ್ಲ. “ರಿಂಗು ಕೂರಿಸೋದ್ರಲ್ಲಿ ನಾನೇ ಏನೋ ಎಡವಟ್ಟು ಮಾಡಿದೀನಿ. ವಯಸ್ಸಾಯ್ತೇನೋ ನಂಗೆ” ಎಂದು ಕಾಲನ್ನು ಬಿಚ್ಚತೊಡಗಿದರು. ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ರಿಂಗು. ಬೇರೆ ಬೇಕೆಂದರೆ ಮುಂಬಯಿಯಿಂದ ಬರಬೇಕು.

ಅಪ್ಪ ಆ ರಿಂಗನ್ನು ಕೈಗೆ ತೆಗೆದುಕೊಂಡಾಗ ಜಗ್ಗಿ ಇಡ್ಲಿ ತಟ್ಟೆ ಬಿಟ್ಟು ಎದ್ದಳು.

“ಅಪ್ಪಾ, ಅದನ್ನ ಹಾಕ್ಬೇಡ! ನಿಂದಲ್ಲ ತಪ್ಪು.”

ನಾಣಿಗೆ ಭಾರ ತೋರಿಸಹೋಗಿ ರಾಡು ಜಾರಿದ್ದನ್ನೆಲ್ಲ ಹೇಳಿ ಅವಳು ತೋರಿಸಿದ ಜಾಗವನ್ನು ಅಪ್ಪ ಬೆಳಕಿಗೆ ಹಿಡಿದು ನೋಡಿದರು. ಬಿಚ್ಚಿದ ರಿಂಗಿನ ಮೇಲಿದ್ದ ಸೀಳಿಗೆ ಅದನ್ನು ಹೊಂದಿಸಿ ನೋಡಿದರು. 

“ಅರ್ಧ ಸಾಸಿವೆಯಷ್ಟು ಅಂಚು ಎದ್ದಿದ್ರೂ ಸಾಕು, ರಬ್ಬರನ್ನ ಬ್ಲೇಡಿನ ಥರ ಕುಯ್ಯುತ್ತೆ. ನೆನ್ನೇನೇ ಹೇಳೋದಲ್ವೇನಮ್ಮ?” ಎಂದರು. ಆಮೇಲೆ ಮೀಸೆ ಸ್ವಲ್ಪ ಅಲುಗಿತು. “ಹೋಗ್ಲಿ, ಭಾರ ಎಷ್ಟು ಅಂತ ನಾಣಿಗೆ ಗೊತ್ತಾಯ್ತಾ?”

“ಅವನಿಗಲ್ಲ, ನಂಗೇ ಗೊತ್ತಾಯ್ತು” ಅಂದಳು ಜಗ್ಗಿ ಮೂಗೊರೆಸಿಕೊಂಡು.

ಅಪ್ಪ ನುಣುಪಾದ ಉಪ್ಪುಕಾಗದಕ್ಕೆ ಎಣ್ಣೆ ಹಚ್ಚಿ ಆ ಗಾಯವನ್ನು ಮೆಲ್ಲಮೆಲ್ಲಗೆ ಉಜ್ಜಿದರು. “ನನ್ನ ಉಗುರು ಸವೆದುಹೋಗಿದೆ. ನಿನ್ನ ಉಗುರಿನಲ್ಲಿ ಗೀರಿ ನೋಡು.”

“ತಡೀತಾ ಇದೆ.”

ಮತ್ತೆ ಉಜ್ಜಿದರು. “ಈಗ?”

“ಇನ್ನೂ ಚೂರು.”

“ಎಲಾ! ಇನ್ಸ್‌ಪೆಕ್ಟರಮ್ಮ ಬಲು ಸ್ಟ್ರಿಕ್ಟು” ಎಂದು ಅಜ್ಜಿ ಕಿಸಕ್ಕನೆ ನಕ್ಕರು. ಐದನೇ ಸಲ ಉಗುರು ನೀರಿನ ಮೇಲೆ ಜಾರಿದಂತೆ ಜಾರಿತು. ಅಪ್ಪ ಉಳಿದಿದ್ದ ಒಂದೇ ರಿಂಗನ್ನು ಕೂರಿಸಿ, ಎಣ್ಣೆ ತುಂಬಿ, ಕಾಲನ್ನು ಮತ್ತೆ ಪೇಪರಿನ ಮೇಲೆ ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಪೇಪರಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಭಾನುವಾರ ಗೋಣಿಚೀಲದಲ್ಲಿ ಸುತ್ತಿದ ಕಾಲಿನೊಂದಿಗೆ ಅಪ್ಪ, ಮಗಳು ಜಕ್ಕೂರಿನ ಬಸ್ಸು ಹತ್ತಿದರು.

“ಏನಮ್ಮಾ ಅದು?” ಎಂದ ಕಂಡಕ್ಟರು.

“ವಿಮಾನದ ಕಾಲು.”

“ಒಂದೇ ಕಾಲಾ? ಹಂಗಾದ್ರೆ ಹಾಫ್ ಟಿಕೆಟ್ಟು!”

ಅಲ್ಲಿ ವಿಮಾನಗಳು ಇಳಿಯುವ ಬಯಲಿನಲ್ಲಿ ಎರಡು ಸೀಟಿನ ಹಳೆಯ ವಿಮಾನ ಮರದ ದಿಮ್ಮಿಗೆ ಒರಗಿ ಕಾದಿತ್ತು. ಅಪ್ಪ ಕಾಲನ್ನು ಜೋಡಿಸಿ, ಗಾಳಿ ತುಂಬಿ, ಪ್ರತಿ ಬೋಲ್ಟನ್ನೂ ಎರಡೆರಡು ಸಲ ಮುಟ್ಟಿ ನೋಡಿದರು. ವಿಮಾನದ ಒಡೆಯ, ಬಿಳಿಮೀಸೆಯ ಪೈಲಟ್ ಚನ್ನಮಲ್ಲಪ್ಪನವರು, “ಆಯ್ತಾ ಕರಿಬಸಪ್ಪ?” ಎಂದರು. ಅಪ್ಪ “ಆಯ್ತು ಸಾರ್” ಎಂದರು. ಅಷ್ಟೇ. ಚನ್ನಮಲ್ಲಪ್ಪನವರು ಕಾಲಿನ ಕಡೆ ಬಗ್ಗಿಯೂ ನೋಡದೆ, ಸಿಳ್ಳೆ ಹಾಕುತ್ತಾ ಹತ್ತಿ ಕೂತರು.

ವಿಮಾನ ಗುಡುಗುಡು ಓಡಿ ಮೇಲೆದ್ದಿತು. ಮರಗಳ ಮೇಲೆ ಎರಡು ಸುತ್ತು ಹಾಕಿ, ಇಳಿಯಲೆಂದು ತಿರುಗಿತು.

“ನೋಡು ಜಗ್ಗಿ, ನಿನ್ನ ಅರ್ಧ ಸಾಸಿವೆ ಬರ್ತಾ ಇದೆ” ಎಂದರು ಅಪ್ಪ ತಮಾಷೆಗೆ.

ಜಗ್ಗಿಗೆ ನಗು ಬರಲಿಲ್ಲ. ಅವಳು ಅಪ್ಪನ ಕೈ ಹಿಡಿದುಕೊಂಡಳು. ತಮಾಷೆ ಮಾಡುತ್ತಿದ್ದ ಅಪ್ಪನ ಅಂಗೈ ಬೆವರಿನಿಂದ ಒದ್ದೆಯಾಗಿತ್ತು.

ಚಕ್ರ ನೆಲ ಮುಟ್ಟಿತು. ಕಾಲು ಒಮ್ಮೆ ಕುಸಿದು, ಮೆಲ್ಲಗೆ ಮೇಲೆದ್ದಿತು. ವಿಮಾನ ಪೂರ್ತಿ ನಿಲ್ಲುವವರೆಗೂ ಇಬ್ಬರೂ ಕೈ ಬಿಡಲಿಲ್ಲ.